ಮೂರು ಕಿಲೋ ಗ್ಯಾಸಿಗೆ ಉದ್ದನೆಯ ಸಾಲು

ಅಡುಗೆ ನಡುವೆ ಗ್ಯಾಸ್ ಮುಗಿದರೆ ಗೃಹಿಣಿಯ ಚಡಪಡಿಕೆ ಯಾವ ದೇಶದಲ್ಲಾದರೂ ಒಂದೇ. ಇಂಡೋನೇಷ್ಯಾದ ಬಡ ಮನೆಗಳಲ್ಲಿ ಬಳಸುವುದು 3 ಕಿಲೋದ ಹಸಿರು ಸಿಲಿಂಡರ್. ನಮ್ಮ 14.2 ಕಿಲೋ ಸಿಲಿಂಡರಿನ ಮುಂದೆ ಅದು ಆಟಿಕೆಯೇ ಸರಿ. ಸೀಮೆಎಣ್ಣೆಗೆ ಬದಲಾಗಿ 2007ರಲ್ಲಿ ಸರಕಾರವೇ ಸಬ್ಸಿಡಿ ಕೊಟ್ಟು ಇದನ್ನು ಬಳಕೆಗೆ ತಂದಿತ್ತು.

2025ರ ಫೆಬ್ರವರಿ 1ರಿಂದ ಚಿಲ್ಲರೆ ಅಂಗಡಿಗಳು ಇದನ್ನು ಮಾರಬಾರದು, ಅಧಿಕೃತ ಡಿಪೋಗಳಲ್ಲೇ ಕೊಳ್ಳಬೇಕು ಎಂಬ ಆದೇಶ ಬಂತು. ಬೆಲೆ ಹತೋಟಿಯ ಉದ್ದೇಶ ಒಳ್ಳೆಯದೇ. ಆದರೆ ಡಿಪೋಗಳ ಮುಂದೆ ಸಾಲು ಬೆಳೆಯಿತು. ಜಕಾರ್ತಾ ಪಕ್ಕದ ದಕ್ಷಿಣ ತಂಗೆರಾಂಗ್‌ನಲ್ಲಿ ಸಾಲಿನಲ್ಲಿ ನಿಂತು ಮನೆಗೆ ಮರಳಿದ 62 ವರ್ಷದ ಮಹಿಳೆಯೊಬ್ಬರು ಅಸುನೀಗಿದರು. ಫೆಬ್ರವರಿ 4ರಂದು ಅಧ್ಯಕ್ಷ ಪ್ರಬೋವೊ ಸುಬಿಯಾಂತೊ ಅವರು ಚಿಲ್ಲರೆ ಮಾರಾಟಕ್ಕೆ ಮತ್ತೆ ಅವಕಾಶವಿತ್ತರು.

ಇಂಥ ಅಭಾವದಲ್ಲಿ ಗ್ರಾಹಕನ ಕೈಹಿಡಿಯಲು ಅಲ್ಲಿ 1999ರ ಗ್ರಾಹಕ ಸಂರಕ್ಷಣಾ ಕಾಯಿದೆಯಿದೆ. 2014ರ ವ್ಯಾಪಾರ ಕಾಯಿದೆಯಂತೂ, ಕೊರತೆಯ ವೇಳೆ ಅಗತ್ಯ ವಸ್ತು ಬಚ್ಚಿಟ್ಟವನಿಗೆ 5 ವರ್ಷದವರೆಗೆ ಸೆರೆವಾಸ, 5,000 ಕೋಟಿ ರುಪಯ್ಯಾವರೆಗೆ ದಂಡ ಹೇಳುತ್ತದೆ.

ಮುಸ್ಲಿಮರೇ ಬಹುಸಂಖ್ಯಾತರಾದ ನಾಡಿನಲ್ಲಿ ಷರೀಯತ್ತಿನ ಮಾತಿಗೂ ತೂಕವಿದೆ. ಬೆಲೆಯೇರಲೆಂದು ಸರಕು ಅಡಗಿಸುವುದಕ್ಕೆ ಅದರಲ್ಲಿ 'ಇಹ್ತಿಕಾರ್' ಎಂದು ಹೆಸರು, ಅದು ಪಾಪ. ಇದು ಆಹಾರ ವಸ್ತುಗಳಿಗೆ ಮಾತ್ರ ಎಂದವರೂ ಉಂಟು. ಆದರೆ 8ನೇ ಶತಮಾನದಲ್ಲಿ ಬಗ್ದಾದಿನ ಮುಖ್ಯ ಕಾಜಿಯಾಗಿದ್ದ ಅಬು ಯೂಸುಫ್, ತಡೆಹಿಡಿದರೆ ಜನರಿಗೆ ತೊಂದರೆಯಾಗುವ ಯಾವ ವಸ್ತುವಿಗೂ ಇದು ಸಲ್ಲುತ್ತದೆಂದರು. ಈ ಲೆಕ್ಕದಲ್ಲಿ ಗ್ಯಾಸೂ ಸೇರಿತು. ಬೆಲೆ ಕಟ್ಟಿಕೊಡಿರೆಂದು ಜನ ಕೇಳಿದಾಗ ಪ್ರವಾದಿಯವರು ಒಪ್ಪಲಿಲ್ಲವೆಂದು ಹದೀಸ್ ಹೇಳುತ್ತದೆ. ಆದರೂ ಮಾರುವವರು ಜನರ ಅಗತ್ಯವನ್ನು ದುರುಪಯೋಗ ಮಾಡಿಕೊಂಡಾಗ ಆಡಳಿತ ನ್ಯಾಯಬೆಲೆ ನಿಗದಿಪಡಿಸಬಹುದೆಂದು ಮುಂದೆ ಇಬ್ನ್ ತೈಮಿಯಾ ವಾದಿಸಿದರು. ತೂಕ, ಅಳತೆ ನೋಡಲು ಪೇಟೆಯಲ್ಲಿ 'ಮುಹ್ತಸಿಬ್' ಎಂಬ ಅಧಿಕಾರಿಯೂ ಇರುತ್ತಿದ್ದ.

ಎರಡೂ ಕಾನೂನು ಬೊಟ್ಟು ಮಾಡುವುದು ದಾಸ್ತಾನುಕೋರನತ್ತ. ಆದರೆ ಆ ಫೆಬ್ರವರಿಯಲ್ಲಿ ಜನ ಸಾಲುಗಟ್ಟಿದ್ದು ಸರಕಾರಿ ಆದೇಶದಿಂದ. ಗಲ್ಲಿಯ ಅಂಗಡಿಯವನು ನಾಲ್ಕು ಕಾಸು ಹೆಚ್ಚು ಪಡೆದರೂ ಮನೆ ಹತ್ತಿರವೇ ಸಿಲಿಂಡರ್ ಕೊಡುತ್ತಿದ್ದ. ದಿನಗೂಲಿಯವನಿಗೆ ಡಿಪೋ ಸಾಲಿನಲ್ಲಿ ನಿಂತು ಕಳೆದುಕೊಳ್ಳುವ ಒಂದು ದಿನದ ಕೂಲಿಗಿಂತ ಅದೇ ಅಗ್ಗ. ಲಾಭಕ್ಕಾಗಿ ಬಚ್ಚಿಟ್ಟವನನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಉಳ್ಳವರು ಬಡವರ ಸಿಲಿಂಡರ್ ಬಳಸುವುದು ಬೇರೆ ಮಾತು. ಮನೆಬಳಕೆಯ ಸಿಲಿಂಡರನ್ನು ಹೋಟೆಲಿನಲ್ಲಿ ಉರಿಸುವುದು ಇಲ್ಲಿಯೂ ಅಪರಾಧವೆಂಬುದು ಮುಂಬಯಿಯ ನಮ್ಮ ಹೋಟೆಲು ಬಂಧುಗಳಿಗೆ ತಿಳಿದದ್ದೇ. ಇಂಡೋನೇಷ್ಯಾದಲ್ಲಿ ಆ ಚಿಲ್ಲರೆ ಅಂಗಡಿಗಳನ್ನು ಹಂತಹಂತವಾಗಿ ಉಪ-ಡಿಪೋಗಳೆಂದು ನೋಂದಾಯಿಸುವ ನಿರ್ಧಾರವಾಯಿತು.