ಸಿಹಿ ವೈನ್ ಬರೀ ದ್ರಾಕ್ಷಿ ರಸವಲ್ಲ

ಡಿಸೆಂಬರ್ ಬಂತೆಂದರೆ ಬಂಟ್ವಾಳದ ಮೊಡಂಕಾಪು, ಅಗ್ರಾರ್ ಕಡೆಯ ಕ್ರೈಸ್ತ ಮನೆಗಳಲ್ಲಿ ನೆವ್ರಿ, ಕಿಡಿಯೊ, ಚಕ್ಕುಲಿ ಕರಿಯುವ ಸಂಭ್ರಮ. ಕುಸ್ವಾರಿನ ತಟ್ಟೆ ಜಾತಿ-ಮತವೆಣಿಸದೆ ನೆರೆಮನೆಗಳಿಗೂ ಹೋಗುತ್ತದೆ. ಮನೆಗೆ ಬಂದವರಿಗೆ ಪುಟ್ಟ ಗ್ಲಾಸಿನಲ್ಲಿ ಮನೆಯಲ್ಲೇ ತಯಾರಿಸಿದ ವೈನ್. "ಇದೇನು ಮದ್ಯವಲ್ಲ, ದ್ರಾಕ್ಷಿ ರಸ, ಸ್ವಲ್ಪ ತೆಗೆದುಕೊಳ್ಳಿ" ಎಂಬ ಉಪಚಾರದ ಮಾತು. ಆರೋಗ್ಯದ ದೃಷ್ಟಿಯಿಂದ ಈ ಮಾತು ಎಷ್ಟು ಸರಿ?

ತಡವಾಗಿ ಕೊಯ್ದ ದ್ರಾಕ್ಷಿ

ಈ ಭಾಗದ ಕ್ಯಾಥೊಲಿಕ್ ಕುಟುಂಬಗಳಲ್ಲಿ ಹೆಚ್ಚಿನವರ ಹಿರಿಯರು ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದಿಂದ ಬಂದವರು. ಆ ಪೋರ್ಚುಗಲ್ ದೇಶದಲ್ಲಿ 'ತಡವಾದ ಕೊಯ್ಲು' ಎಂದೇ ಹೆಸರಾದ ಒಂದು ಸಿಹಿ ಬಿಳಿ ವೈನ್ ಇದೆ. ಹಣ್ಣಾದ ದ್ರಾಕ್ಷಿಯನ್ನು ಕೂಡಲೇ ಕೊಯ್ಯದೆ ಬಳ್ಳಿಯಲ್ಲೇ ಬಿಡುತ್ತಾರೆ. ನೀರಿನಂಶ ಆರಿ ಸಕ್ಕರೆ ಸಾಂದ್ರವಾಗುತ್ತದೆ. ಯೀಸ್ಟ್ ಆ ಸಕ್ಕರೆಯ ಒಂದು ಭಾಗವನ್ನು ಮಾತ್ರ ಆಲ್ಕೋಹಾಲ್ ಆಗಿ ಬದಲಿಸುತ್ತದೆ. ಉಳಿದದ್ದು ಸಿಹಿಯಾಗಿಯೇ ಉಳಿಯುತ್ತದೆ.

ನಮ್ಮ ಮನೆಗಳಲ್ಲಿ ಬಿಸಿಲು ಮಾಡುವ ಕೆಲಸವನ್ನು ಸಕ್ಕರೆ ಡಬ್ಬಿ ಮಾಡುತ್ತದೆ. ಕಪ್ಪು ದ್ರಾಕ್ಷಿ, ಸಕ್ಕರೆ, ಯೀಸ್ಟ್, ಲವಂಗ, ದಾಲ್ಚಿನ್ನಿ ಭರಣಿಗೆ ಬೀಳುತ್ತವೆ. ದಾರಿ ಬೇರೆ, ಫಲ ಒಂದೇ: ಸಕ್ಕರೆಯೂ ಇದೆ, ಆಲ್ಕೋಹಾಲೂ ಇದೆ. ಮನೆಯ ವೈನಿನಲ್ಲಿ ಆಲ್ಕೋಹಾಲ್ ಶೇ. 10ರಿಂದ 14ರವರೆಗೂ ಇರಬಹುದು. ಸಾಮಾನ್ಯ ಬಿಯರಿನಲ್ಲಿರುವುದು ಸುಮಾರು ಶೇ. 5. ಸಿಹಿಯಿಂದಾಗಿ ಇದರ ಖಾರ ನಾಲಿಗೆಗೆ ತಿಳಿಯುವುದಿಲ್ಲ, ಅಷ್ಟೆ.

ಸ್ವಲ್ಪ ಲೆಕ್ಕ

ಲೀಟರಿಗೆ 100 ಗ್ರಾಂ ಸಕ್ಕರೆ, ಶೇ. 12 ಆಲ್ಕೋಹಾಲ್ ಇರುವ ವೈನ್ ಎಂದುಕೊಳ್ಳಿ. ಅದರ 100 ಮಿ.ಲೀ.ನಲ್ಲಿ 10 ಗ್ರಾಂ ಸಕ್ಕರೆ, ಅಂದರೆ ಸುಮಾರು ಎರಡು ಚಮಚ. ಜೊತೆಗೆ ಒಂಬತ್ತೂವರೆ ಗ್ರಾಂ ಆಲ್ಕೋಹಾಲ್. ಎರಡೂ ಸೇರಿ ಸುಮಾರು 105 ಕ್ಯಾಲರಿ. ನಾಲ್ಕು ಮನೆಗೆ ಹೋಗಿ ನಾಲ್ಕು ಗ್ಲಾಸ್ ಕುಡಿದರೆ ಒಂದು ಊಟದಷ್ಟು!

ಸಕ್ಕರೆ ಕಾಯಿಲೆಯವರಿಗೆ ಎರಡು ಕಡೆಯ ಪೆಟ್ಟು

ಸಿಹಿ ವೈನ್ ಕುಡಿದೊಡನೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇದು ಎಲ್ಲರೂ ಊಹಿಸುವ ಮಾತು. ಆದರೆ ಹೆಚ್ಚು ಅಪಾಯವಿರುವುದು ಆಮೇಲೆ. ಊಟವಿಲ್ಲದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತು. ಆಲ್ಕೋಹಾಲನ್ನು ಹೊರಹಾಕುವ ಕೆಲಸದಲ್ಲಿ ತೊಡಗಿದಾಗ ಅದು ಈ ಕೆಲಸವನ್ನು ಸರಿಯಾಗಿ ಮಾಡಲಾರದು. ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಕೆಲವು ಗಂಟೆಗಳ ಬಳಿಕ, ರಾತ್ರಿ ನಿದ್ದೆಯಲ್ಲೂ, ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ತೊದಲು ಮಾತು, ಮಂಪರು ಇದರ ಲಕ್ಷಣಗಳು. ಮನೆಯವರು ಇದನ್ನು ಅಮಲೆಂದು ಭಾವಿಸಿ ಮಲಗಲು ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಯಾವುದರ ಜೊತೆ?

ಪೋರ್ಚುಗಲ್‌ನಲ್ಲಿ ಇಂಥ ವೈನನ್ನು ಊಟದ ಕೊನೆಯಲ್ಲಿ ಚಿಕ್ಕ ಗ್ಲಾಸಿನಲ್ಲಿ ಕೊಡುವುದು ರೂಢಿ. ಜೊತೆಗೆ ಉಪ್ಪಾದ ಚೀಸ್. ಇಲ್ಲವೇ ಮೊಟ್ಟೆಯ ಹಳದಿ ಮತ್ತು ಸಕ್ಕರೆಯಿಂದ ಮಾಡಿದ ಸಿಹಿತಿಂಡಿ. ಇದರಲ್ಲಿ ಮೊದಲನೆಯದು ನಮಗೆ ಒಪ್ಪುವ ಪಾಠ. ವೈನ್ ಜೊತೆಗೆ ನೆವ್ರಿ, ಕೇಕು ತಿಂದರೆ ಸಕ್ಕರೆಯ ಮೇಲೆ ಸಕ್ಕರೆ. ಡುಕ್ರಾ ಮಾಸ್‌ನಂಥ ಕೊಬ್ಬಿನ, ಖಾರದ ಪದಾರ್ಥದೊಡನೆ ಎದೆಯುರಿ, ಹುಳಿತೇಗು ಹೆಚ್ಚುತ್ತದೆ. ಕುಡಿಯುವ ಅಭ್ಯಾಸವಿರುವವರು ಸನ್ನಾ, ಹುರಿದ ಗೇರುಬೀಜ, ಬೇಯಿಸಿದ ಕಡಲೆಯಂಥವನ್ನು ಹೊಟ್ಟೆತುಂಬ ತಿಂದ ಮೇಲೆ ಒಂದು ಚಿಕ್ಕ ಗ್ಲಾಸಿಗೆ ನಿಲ್ಲಿಸುವುದು ಲೇಸು. ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ.

ಇವರಿಗೆ ಕೊಡಬೇಡಿ

ಮಕ್ಕಳು, ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ದೆಯ ಮಾತ್ರೆ ಅಥವಾ ಭೇದಿಗೆ ಮೆಟ್ರೋನಿಡಜೋಲ್ ತೆಗೆದುಕೊಳ್ಳುತ್ತಿರುವವರು, ವಾಹನ ಓಡಿಸುವವರು ಒಂದು ಗುಟುಕನ್ನೂ ಕುಡಿಯಬಾರದು. ಬಾಣಂತಿಗೆ ಪುಷ್ಟಿ ಎಂಬ ನಂಬಿಕೆಯೂ ತಪ್ಪು. ಆಲ್ಕೋಹಾಲ್ ಎದೆಹಾಲಿಗೆ ಸೇರುತ್ತದೆ.

ವೈನಿಗಾಗಿ ಬೂಷ್ಟು ಹಿಡಿದ ದ್ರಾಕ್ಷಿ ಬಳಸಬೇಡಿ. ಯೂರೋಪಿನ ಕೆಲವು ತೋಟಗಳಲ್ಲಿ ಒಂದು ಬಗೆಯ ಬೂಷ್ಟನ್ನು ಬೇಕೆಂದೇ ಬೆಳೆಯಗೊಡುವುದುಂಟು. ನಮ್ಮ ಕರಾವಳಿಯ ತೇವದಲ್ಲಿ ಹಿಡಿಯುವುದು ಅದೇ ಎಂದು ನಂಬುವಂತಿಲ್ಲ. ಹುದುಗು ನಿಲ್ಲುವ ಮೊದಲೇ ಗಾಜಿನ ಬಾಟಲಿಗೆ ಬಿಗಿಯಾಗಿ ಬಿರಡೆ ಹಾಕಿದರೆ ಅದು ಒಡೆಯಲೂಬಹುದು.

ವೈನ್ ಹೃದಯಕ್ಕೆ ಒಳ್ಳೆಯದೆಂದು ಕೇಳಿದವರು ಇನ್ನೊಂದನ್ನೂ ತಿಳಿದಿರಬೇಕು. ಆಲ್ಕೋಹಾಲ್ ಕ್ಯಾನ್ಸರ್‌ಕಾರಕವೆಂದು 1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಟ್ಟಿಮಾಡಿದೆ. ಯಾವ ಪ್ರಮಾಣವೂ ಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಕುಡಿಯದವರು ಆರೋಗ್ಯದ ಹೆಸರಿನಲ್ಲಿ ಆರಂಭಿಸಬೇಕಾಗಿಲ್ಲ. ಉಪಚಾರ ಮಾಡುವವರು ಪುನರ್ಪುಳಿ ಶರಬತ್ತನ್ನೂ ಪಕ್ಕದಲ್ಲಿಟ್ಟು, ಅತಿಥಿ "ಬೇಡ" ಎಂದರೆ ಒತ್ತಾಯಿಸದಿದ್ದರೆ ಹಬ್ಬದ ಸಿಹಿಗೆ ಯಾವ ಕೊರತೆಯೂ ಆಗದು.