ಹುಕ್ಕೇರಿಯ ಮುಖ, ಮೂಡಲಗಿಯ ಬಣ್ಣ

ಮುಖ ಹುಕ್ಕೇರಿಯಲ್ಲಿತ್ತು, ಬಣ್ಣ ಮೂಡಲಗಿಯಲ್ಲಿತ್ತು. ಎರಡೂ ಕೂಡಿದ್ದು ಗೋಕಾಕದ ಒಂದು ಸಣ್ಣ ಎಡಿಟಿಂಗ್ ಕೋಣೆಯಲ್ಲಿ, ನನ್ನ ಕಣ್ಣೆದುರಿಗೇ!

ಅಕ್ಕನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಮೂವತ್ತು ವರ್ಷ ಹುಕ್ಕೇರಿಯ ಅವಳ ಮನೆಯ ಟ್ರಂಕಿನಲ್ಲಿತ್ತು. ಹಾಕಿ ನೋಡಿದರೆ ಬಾಸಿಂಗದ ಮುತ್ತೂ ಕಾಣುತ್ತದೆ. ಬಣ್ಣ ಮಾತ್ರ ಹಸಿರು, ನೇರಳೆ ಪಟ್ಟೆಯಾಗಿ ಕೆಟ್ಟಿದೆ. ಅದು ಚೆನ್ನಾಗಿದ್ದಾಗಲೇ ತೆಗೆಸಿದ ಕಾಪಿಯೊಂದು ಮೂಡಲಗಿಯ ಚಿಕ್ಕಮ್ಮನ ಹತ್ತಿರ ಸಿಕ್ಕಿತು. ಅದರಲ್ಲಿ ಇಳಕಲ್ ಸೀರೆಯ ಸೆರಗು ಕೆಂಪಗೆ ಉರಿಯುತ್ತಿದೆ, ಮುಖಗಳೋ ಕಲಸಿದ ಹಿಟ್ಟು!

"ಚಿಂತಿ ಮಾಡಬ್ಯಾಡ್ರಿ ಕಾಕಾ. ಮಾರಿ ಇದರಾಗಿಂದ, ಬಣ್ಣ ಅದರಾಗಿಂದ ತಗೊಳ್ಳೂಣು" ಎಂದ ಗೋಕಾಕದ ಎಡಿಟಿಂಗ್ ಹುಡುಗ. ಚೇಷ್ಟೆ ಎಂದುಕೊಂಡೆ. ಅಲ್ಲವೇ ಅಲ್ಲ!

ನಾವು ಒಂದೇ ಎಂದು ನೋಡುವ ವೀಡಿಯೊದೊಳಗೆ ಎರಡು ಚಿತ್ರಗಳಿವೆಯಂತೆ. ಬೆಳಕು, ನೆರಳು, ಗೆರೆಯೆಲ್ಲ ಇರುವ ಕಪ್ಪು-ಬಿಳುಪಿನದು ಲೂಮಾ. ಅದರ ಮೇಲೆ ಹೊದಿಸಿದ ಬಣ್ಣದ ಪದರ ಕ್ರೋಮಾ. ಹೀಗೆ ಬೇರ್ಪಡಿಸಿ ಕಳಿಸಿದರೆ ಕಪ್ಪು-ಬಿಳುಪು ಟಿವಿಯಲ್ಲೂ ಬಣ್ಣದ ಪ್ರಸಾರ ನೋಡಬಹುದೆಂದು ಫ್ರಾನ್ಸಿನ ಜಾರ್ಜ್ ವಾಲೆನ್ಸಿ 1938ರಲ್ಲೇ ಯೋಚಿಸಿದ್ದ! ವಿಎಚ್‌ಎಸ್‌ನಲ್ಲಿ ವಿವರಕ್ಕೆ ಸುಮಾರು 240 ಗೆರೆ ಸಿಕ್ಕರೆ ಬಣ್ಣಕ್ಕೆ ಸಿಗುವುದು ಸುಮಾರು 40. ಬಣ್ಣ ಮೊದಲಿಂದಲೂ ಮಸುಕೇ! ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. ಗೆರೆ ಚೂಪಾಗಿದ್ದರೆ ಬಣ್ಣ ಅಂದಾಜಿಗಿದ್ದರೂ ಸಾಕು. ಅಂದಮೇಲೆ ಚಿಕ್ಕಮ್ಮನ ಮಸುಕು ಕಾಪಿ ಧಾರಾಳವಾಯಿತಲ್ಲ!

ಗೋಕಾಕದ ಬೊಂಬೆ ಮಾಡುವವರಿಗೆ ಇದನ್ನು ಹೇಳಿಕೊಡಬೇಕೆ? ಮೊದಲು ಕಟ್ಟಿಗೆಯಲ್ಲಿ ಆಕಾರ ಕೆತ್ತಿ, ಆಮೇಲಲ್ಲವೇ ಅವರು ಬಣ್ಣ ಹಚ್ಚುವುದು?

ಒಂದರ ವಿವರಕ್ಕೆ ಇನ್ನೊಂದರ ಬಣ್ಣ ಕೂಡಿಸುವುದನ್ನು ಬಿಬಿಸಿಯೂ ಮಾಡಿತ್ತು. 'ಡಾಕ್ಟರ್ ಹೂ' ಧಾರಾವಾಹಿಯ 1971ರ 'ದಿ ಡೀಮನ್ಸ್' ಕಥೆಯ ಹೆಚ್ಚಿನ ಕಂತುಗಳು ಅಲ್ಲಿ ಕಪ್ಪು-ಬಿಳುಪು ಫಿಲ್ಮಿನಲ್ಲಷ್ಟೇ ಉಳಿದಿದ್ದವು. ಅಮೆರಿಕದ ಅಭಿಮಾನಿಯೊಬ್ಬ ಮನೆಯ ಟಿವಿಯಿಂದ ತುಂಬಿಸಿಕೊಂಡಿದ್ದ ಟೇಪಿನ ಬಣ್ಣವನ್ನು ಆ ಫಿಲ್ಮಿನ ವಿವರಕ್ಕೆ ಕೂಡಿಸಿ 1992ರಲ್ಲಿ ಮತ್ತೆ ಬಣ್ಣದಲ್ಲೇ ಪ್ರಸಾರ ಮಾಡಿದರು!

ಹುಡುಗ ಟೈಮ್‌ಲೈನಿನಲ್ಲಿ ಹುಕ್ಕೇರಿಯನ್ನು ಕೆಳಗಿಟ್ಟ, ಮೂಡಲಗಿಯನ್ನು ಮೇಲಿಟ್ಟ. ಸೆಕೆಂಡಿಗೆ 25 ಫ್ರೇಮು. ಒಂದು ತಪ್ಪಿದರೂ ಸೆರಗಿನ ಕೆಂಪು ಪಕ್ಕದವರ ಅಂಗಿಗೆ ಮೆತ್ತಿಕೊಳ್ಳುತ್ತದೆ. ಕಾಪಿ ತೆಗೆದಾಗ ಬಣ್ಣ ಕೆಳಕ್ಕೆ ಜಾರುತ್ತದಂತೆ; ಅದನ್ನೂ ಒಂದೆರಡು ಗೆರೆ ಮೇಲೆತ್ತಿದ. ಕೆಳಗಿನದರ ಕೆಟ್ಟ ಬಣ್ಣ ಅಳಿಸಿದ. ಮೇಲಿನ ಪದರದ ಬ್ಲೆಂಡ್ ಮೋಡ್ ಅನ್ನು 'ಕಲರ್'ಗೆ ತಂದು ಕ್ಲಿಕ್ ಮಾಡಿದ.

ಬೂದಿಯಂತಿದ್ದ ಹಂದರಕ್ಕೆ ಒಮ್ಮೆಲೇ ಜೀವ ಬಂತು! ಮಾವಿನ ತೋರಣ ಹಸಿರಾಯಿತು, ಅರಿಶಿನ ಹಳದಿಯಾಯಿತು. ಅಕ್ಕಿಕಾಳು ಎಸೆಯುತ್ತಿದ್ದ ಅಜ್ಜಿ ಈ ಕಡೆ ತಿರುಗಿದಳು. ಅವಳ ಹಣೆಯ ಮೇಲೆ ಕುಂಕುಮ: ದುಂಡು ಹುಕ್ಕೇರಿಯದು, ಕೆಂಪು ಮೂಡಲಗಿಯದು.