ಪರರ ಬರಹವೂ ನಮ್ಮ ಬರಹವೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹೈಸ್ಕೂಲುಗಳನ್ನು ಮುಗಿಸಿದ ನಮ್ಮ ವಿದ್ಯಾರ್ಥಿನಿಯರಲ್ಲಿ ಹಲವರು, 2010ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕಾಗಲಿ ಅದಕ್ಕೆ ಸೇರಿದ ಕಾಲೇಜುಗಳಿಗಾಗಲಿ ಹೋಗುವರು. ಅಲ್ಲಿ ಅವರಿಗೆ ಎದುರಾಗುವ ಒಂದು ಹೊಸ ಕಟ್ಟಳೆಯ ವಿಷಯವಾಗಿ ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ. ಪರರು ಬರೆದುದನ್ನು ತನ್ನದೆಂದು ತೋರಿಸುವುದಕ್ಕೆ ಕೃತಿಚೌರ್ಯವೆಂದು ಹೆಸರು.

ಸಾಲೆಯಲ್ಲಿ ಪುಸ್ತಕದ ಉತ್ತರವನ್ನು ಬಾಯಿಪಾಠ ಮಾಡಿ ಅಕ್ಷರ ತಪ್ಪದೆ ಬರೆದವಳು ಜಾಣೆಯೆನಿಸಿಕೊಳ್ಳುವಳು. ವಿಶ್ವವಿದ್ಯಾಲಯದ ಪ್ರಬಂಧದಲ್ಲಾದರೋ ಅದೇ ಕಾರ್ಯವು ಅಪರಾಧವಾಗುವುದು. ಯಾಕಂದರೆ ಸಾಲೆಯ ಪರೀಕ್ಷೆಯು “ನೀನು ಏನನ್ನು ಕಲಿತೆ?” ಎಂದು ಕೇಳುವುದು, ಪ್ರಬಂಧವು “ಓದಿದ ಮೇಲೆ ನೀನು ಏನನ್ನು ಆಲೋಚಿಸಿದೆ?” ಎಂದು ಕೇಳುವುದು. ಈ ಭೇದವನ್ನು ಯಾರೂ ಬಿಡಿಸಿ ಹೇಳದಿದ್ದರೆ, ತನ್ನ ಮನೆತನದಲ್ಲಿ ಮೊದಲನೆಯವಳಾಗಿ ಕಾಲೇಜಿನ ಮೆಟ್ಟಲು ಹತ್ತಿದ ಹುಡುಗಿಯು ಕಳ್ಳಬುದ್ಧಿಯಿಲ್ಲದೆಯೇ ಕಳ್ಳತನದ ಅಪವಾದಕ್ಕೆ ಗುರಿಯಾಗುವ ಸಂಭವವುಂಟು.

ಇದು ನಮಗೆ ಹೊರಗಿನಿಂದ ಬಂದ ನೀತಿಯೆಂದು ತಿಳಿಯಬಾರದು. ಕೂಡಲಸಂಗಮದೇವ ಎಂಬ ಅಂಕಿತವನ್ನು ಕಂಡು ಬಸವಣ್ಣನವರ ವಚನವನ್ನೂ, ಚೆನ್ನಮಲ್ಲಿಕಾರ್ಜುನ ಎಂಬುದನ್ನು ಕಂಡು ಅಕ್ಕಮಹಾದೇವಿಯ ವಚನವನ್ನೂ ಗುರುತಿಸುತ್ತೇವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಳ, ಉದಯ, ನಾಗಾರ್ಜುನ ಮೊದಲಾದ ಗದ್ಯಲೇಖಕರನ್ನು ಹೆಸರಿಸಿದ್ದರಿಂದಲೇ, ಅವರ ಕನ್ನಡ ಕೃತಿಗಳು ನಮಗೆ ದೊರೆಯದಿದ್ದರೂ, ಅವರು ಇದ್ದರೆಂಬುದು ತಿಳಿದಿದೆ. ಹಿಂದಿನವರ ಹೆಸರನ್ನು ಹೇಳುವುದು ಅವರನ್ನು ಉಳಿಸುವ ಕಾರ್ಯ.

ಎಲ್ಲದಕ್ಕೂ ಹೆಸರು ಹೇಳಬೇಕೋ? ಬೇಡ. ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದಿಂದ ಧುಮುಕುವುದೆಂಬುದು ಸರ್ವವಿದಿತ. ಆದರೆ ಜಲಪಾತದ ಬಳಿಯ ಗಿರಣಿಯಿಂದ ಹೆಂಗಸರ ಬಾಳು ಹೇಗೆ ಮಾರ್ಪಟ್ಟಿತೆಂದು ಒಬ್ಬ ವಿದ್ವಾಂಸರು ಶೋಧಿಸಿ ನಿರ್ಣಯಕ್ಕೆ ಬಂದಿದ್ದರೆ, ಆ ನಿರ್ಣಯವು ಅವರದು. ನಮ್ಮ ಮಾತಿನಲ್ಲಿ ಹೇಳಿದರೂ ಅವರ ಹೆಸರನ್ನು ಹೇಳಲೇಬೇಕು. ಹಾಗೆಯೇ ಗೋಕಾಕ ಸೀಮೆಯ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರು, ಅಂದರೆ ಬೆಟಗೇರಿ ಕೃಷ್ಣಶರ್ಮರು, ಹಳ್ಳಿಯ ನುಡಿಯಲ್ಲಿ ಕವಿತೆಗಳನ್ನು ಬರೆದರು. ಜನಪದದಂತೆ ಕೇಳಿಸಿದ ಮಾತ್ರಕ್ಕೆ ಅವುಗಳನ್ನು ಒಡೆಯರಿಲ್ಲದ ಹಾಡುಗಳೆಂದು ಎಣಿಸಲಾಗದು.

ಈ ದೋಷವು ಹೆಚ್ಚಾಗಿ ಟಿಪ್ಪಣಿಯ ವಹಿಯಲ್ಲಿ ಹುಟ್ಟುತ್ತದೆ. ಯಾವ ಮಾತು ಪುಸ್ತಕದ್ದು, ಯಾವುದು ತನ್ನದು ಎಂಬ ಗುರುತಿಲ್ಲದಿದ್ದರೆ ತಿಂಗಳಾದ ಮೇಲೆ ಬರೆದವಳಿಗೇ ತಿಳಿಯದು. ಆದಕಾರಣ ಪುಸ್ತಕದ ಮಾತನ್ನು ಇಳಿಸಿಕೊಳ್ಳುವಾಗಲೇ ಉದ್ಧರಣಚಿಹ್ನೆಗಳೊಳಗೆ ಇಟ್ಟು, ಗ್ರಂಥಕರ್ತರ ಹೆಸರು, ಗ್ರಂಥದ ಹೆಸರು, ವರ್ಷ, ಪುಟಗಳನ್ನು ಬರೆಯಬೇಕು. ಸಾರಾಂಶವನ್ನು ಬರೆಯುವುದಾದರೆ ಪುಸ್ತಕವನ್ನು ಮುಚ್ಚಿ ಬರೆದು, ಬಳಿಕ ತೆರೆದು ಹೋಲಿಸಬೇಕು. ಅಲ್ಲೊಂದು ಇಲ್ಲೊಂದು ಪದವನ್ನು ಬದಲಿಸಿದರೆ ವಾಕ್ಯವು ನಮ್ಮದಾಗದು. ಗೆಳತಿಯ ಪ್ರಬಂಧವಾಗಲಿ ಗಣಕಯಂತ್ರವು ಹೆಣೆದುಕೊಟ್ಟ ಬರಹವಾಗಲಿ ನಮ್ಮ ಹೆಸರಿನಲ್ಲಿ ಸಲ್ಲದು.

ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು ಮಹಾಪ್ರಬಂಧಗಳಿಗೆ ದಂಡನೆಗಳನ್ನು ಗೊತ್ತುಪಡಿಸಿತು. ಇತರರ ಬರಹದೊಡನೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ; ಅದನ್ನು ಮೀರಿ ಶೇ. 40ರವರೆಗೆ ಇದ್ದರೆ 6 ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು, ಶೇ. 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಒಪ್ಪಿಸುವಂತಿಲ್ಲ; ಅದಕ್ಕೂ ಮಿಕ್ಕಿದರೆ ನೋಂದಣಿಯೇ ರದ್ದು. ಹೆಸರು ಹೇಳಿ ಕ್ರಮವಾಗಿ ಉದ್ಧರಿಸಿದ ಮಾತುಗಳು ಈ ಲೆಕ್ಕಕ್ಕೆ ಸೇರವು.

ಆದರೆ ದಂಡದ ಭಯಕ್ಕಿಂತ ದೊಡ್ಡದಾದ ಕಾರಣವೊಂದುಂಟು. ನಮ್ಮ ಸೀಮೆಯ ಹೆಣ್ಣುಮಕ್ಕಳ ಅಜ್ಜಿಯರಲ್ಲಿ ಅನೇಕರು ತಮ್ಮ ಮಾತನ್ನು ಕಾಗದದ ಮೇಲೆ ಇಡಲಾರದೆ ಹೋದರು. ಲೇಖನಿಯು ಕೈಗೆ ಬಂದ ಮೇಲೆಯೂ ಮೊಮ್ಮಗಳು ಪರರ ವಾಕ್ಯಗಳನ್ನೇ ಬರೆದರೆ, ಅವಳ ಮಾತು ಬರೆಯದೆಯೇ ಉಳಿದಂತಾಯಿತು. ತಪ್ಪಾದರೂ ಸರಿಯೆ, ಸಹೋದರಿಯರೇ, ನಿಮ್ಮದೇ ವಾಕ್ಯವನ್ನು ಬರೆಯಿರಿ. ಅದನ್ನು ತಿದ್ದುವುದಕ್ಕೆ ಗುರುಗಳಿದ್ದಾರೆ.